ಮೂರು ಸಲ ಹೇಳಿದ ಕುಂಡ

ಬೆಳಿಗ್ಗೆ 7.40ಕ್ಕೆ ಠಾಣೆಗೆ ದೂರು ಬಂತು. ಹೆಸರಾಂತ ಪತ್ತೇದಾರಿ ಕಾದಂಬರಿಕಾರ ಅಂಗಳದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದಾಗ ತಾರಸಿಯ ಮೋಟುಗೋಡೆಯಿಂದ ಹೂಕುಂಡ ತಲೆಯ ಮೇಲೆ ಬಿದ್ದು ಸತ್ತಿದ್ದ. ದೂರು ಕೊಟ್ಟವಳು ಅದೇ ಮನೆಯಲ್ಲಿದ್ದ ತಂಗಿ.

ಇನ್‌ಸ್ಪೆಕ್ಟರ್ ತಾವೇ ಹೊರಟರು. ಆತನ ಹದಿನಾಲ್ಕು ಕಾದಂಬರಿಗಳನ್ನೂ ಅವರು ಊಟ ಬಿಟ್ಟು ಓದಿದ್ದರು.

8.30ಕ್ಕೆ ಪಂಚನಾಮೆ ಶುರುವಾಯಿತು.

"ಅಷ್ಟು ದೊಡ್ಡ ಕುಂಡ ತಾನಾಗೇ ಬೀಳುತ್ತಾ?" ಪಕ್ಕದ ಮನೆಯಾಕೆಯನ್ನು ಕೇಳಿದರು.

"ತಿಂಗಳಿಂದ ಅಲ್ಲಾಡ್ತಿತ್ತಂತೆ ಸಾರ್. ಬೆಕ್ಕು ತಾಗಿದ್ರೂ ಬೀಳುತ್ತೆ ಅಂತ ಆ ತಂಗೀನೇ ಹೋದ ವಾರ ಹೇಳಿದ್ಲು."

ಹಾಲಿನವನಿಗೂ ತಂಗಿ ಹಾಗೇ ಹೇಳಿದ್ದಳು. ಇಸ್ತ್ರಿಯವನಿಗೂ.

"ಮೂರು ಸಾಕ್ಷಿ! ಕೇಸು ಮುಗೀತಲ್ಲ ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್. "ತಿಂಡಿ ಹೇಳ್ಲಾ?"

"ಹೊಟ್ಟೆಗೆ ಸ್ವಲ್ಪ ಬೀಗ ಹಾಕಪ್ಪ. ಮೇಲೆ ಬಾ."

ಮೆಟ್ಟಿಲು ಹತ್ತುವಾಗ ಇನ್‌ಸ್ಪೆಕ್ಟರ್‌ಗೆ ಸತ್ತವನದೇ ಒಂದು ಕಾದಂಬರಿ ನೆನಪಾಯಿತು. ಅದರಲ್ಲಿ ಗಡಿಯಾರ ಗೋಪುರದ ಮುಳ್ಳು ಕಳಚಿ ಬಿದ್ದು ಒಬ್ಬ ಸಾಯುತ್ತಾನೆ. ಆದರೂ ಓದುವವನಿಗೆ ಇದೆಂಥ ಸಾವು ಎಂದು ನಗು ಬರುವುದಿಲ್ಲ. ಮುಳ್ಳು ಸಡಿಲಾಗಿದೆಯೆಂಬ ಮಾತು ಮೊದಲೇ ಮೂರು ಅಧ್ಯಾಯಗಳಲ್ಲಿ, ಮೂವರ ಬಾಯಲ್ಲಿ ಬಂದುಹೋಗಿರುತ್ತದೆ. ಎಂಥ ಕೈಚಳಕ!

ಕುರ್ಚಿಯ ನೇರಕ್ಕೆ ಮೋಟುಗೋಡೆಯ ಮೇಲೆ ಒಂದು ಕಲೆಯೂ ಇರಲಿಲ್ಲ. ಆಚೆ ಮೂಲೆಯಲ್ಲಿ ಮಾತ್ರ ಕುಂಡದ ತಳದಷ್ಟೇ ಅಗಲದ ಪಾಚಿಯ ಉಂಗುರವಿತ್ತು. ವರ್ಷಗಟ್ಟಲೆ ಅಲ್ಲಿದ್ದ ಕುಂಡವನ್ನು ಯಾರೋ ಕುರ್ಚಿಯ ನೇರಕ್ಕೆ ತಂದಿದ್ದರು. ಸಾಕ್ಷಿ ಹೇಳಿದವರಲ್ಲಿ ಯಾರೂ ತಾರಸಿ ಹತ್ತಿದವರಲ್ಲ.

11 ಗಂಟೆಗೆ ತಂಗಿಯ ವಿಚಾರಣೆ.

"ಕುಂಡ ಆ ಮೂಲೆಯಿಂದ ಈಚೆಗೆ ಯಾವಾಗ ಬಂತಮ್ಮ?"

ಆಕೆ ತಲೆ ತಗ್ಗಿಸಿದಳು.

"ಮೂವರನ್ನೂ ಚೆನ್ನಾಗಿ ನಂಬಿಸಿದ್ರಿ. ಗಡಿಯಾರದ ಮುಳ್ಳಿನ ಥರಾನೇ. ಬರೀ ಓದಿದ ಮಾತ್ರಕ್ಕೆ ಈ ಕೈಚಳಕ ಬರಲ್ಲ. ಆ ಪುಸ್ತಕಗಳನ್ನ ಬರೆದೋರು ನೀವು, ಅಲ್ವಾ?"

ಆಕೆ ಥಟ್ಟನೆ ತಲೆಯೆತ್ತಿದಳು. "ಆ ಮುಳ್ಳಿನ ಅಧ್ಯಾಯ... ಹಿಡಿಸ್ತಾ?"

"ಎಷ್ಟು ಸಲ ಓದಿದೀನೋ."

"ಇದಕ್ಕಾದ್ರೂ ನನ್ನ ಹೆಸರು ಹಾಕೋ ಅಣ್ಣ ಅಂದೆ, ಹದಿನೈದನೇದು ಮುಗಿಸಿದಾಗ. ನಿನ್ನ ಹೆಸರು ನೋಡಿ ಯಾರೇ ಓದ್ತಾರೆ ಅಂತ ನಕ್ಕ. ಮಾರನೇ ದಿನ ತನ್ನ ಹೆಸರಲ್ಲೇ ಪ್ರೆಸ್ಸಿಗೆ ಕಳಿಸಿಬಿಟ್ಟ." ಆಮೇಲೆ ಆಕೆಯೇ ಕೇಳಿದಳು: "ನಾನು ತಪ್ಪಿದ್ದೆಲ್ಲಿ?"

"ಎಲ್ಲರಿಗೂ ಮೊದಲೇ ಹೇಳಿಟ್ರಿ. ಗೋಡೆಗೆ ಹೇಳೋದು ಮರೆತ್ರಿ."

ಆಕೆ ಒಪ್ಪಿಕೊಂಡವಳಂತೆ ತಲೆಯಾಡಿಸಿದಳು. ಹಸ್ತಪ್ರತಿಯ ತಪ್ಪೊಂದನ್ನು ಯಾರೋ ತೋರಿಸಿಕೊಟ್ಟ ಹಾಗೆ.

12.20ಕ್ಕೆ ಬಂಧನ. ಹೆಡ್ ಕಾನ್‌ಸ್ಟೇಬಲ್ ಬಂಧನ ಪತ್ರದ ಉದ್ಯೋಗದ ಕಾಲಮ್ಮಿನಲ್ಲಿ 'ಮನೆಗೆಲಸ' ಎಂದು ತುಂಬಿದ್ದ. ಇನ್‌ಸ್ಪೆಕ್ಟರ್ ಅದನ್ನು ಹೊಡೆದುಹಾಕಿ 'ಕಾದಂಬರಿಕಾರ್ತಿ' ಎಂದು ಬರೆದು, ಕಾಗದವನ್ನು ಆಕೆಯತ್ತ ತಿರುಗಿಸಿದರು.

ಸಹಿ ಹಾಕುವ ಮೊದಲು ಆಕೆ ಆ ಒಂದು ಪದವನ್ನೇ ತುಂಬ ಹೊತ್ತು ಓದುತ್ತ ಕೂತಿದ್ದಳು. ಯಾರೂ ಅವಸರ ಮಾಡಲಿಲ್ಲ.