ಕಾಫಿ ಕಣಕ್ಕೆ ಬಿದ್ದ ಮೀನು

"ಈ ಮೀನು ನಿಮ್ದೇ ತಾನೇ?"

ಬಾಳೆ ಎಲೆಯ ಚೂರಿನ ಮೇಲಿದ್ದ ಮೀನನ್ನು ಕೈಯಳತೆಯಷ್ಟು ದೂರ ಹಿಡಿದು, ದುಪಟ್ಟಾ ಮೂಗಿಗೆ ಒತ್ತಿಕೊಂಡು ದಾಕ್ಷಾಯಣಿ ಕೆರೆ ಏರಿಯ ಮೇಲೆ ನಿಂತಿದ್ದಳು.

ನೀರಿನಲ್ಲಿದ್ದ ಯುವಕ ತಲೆ ಎತ್ತಿದ. ಕೈಯಲ್ಲಿ ಬಲೆ, ಹಣೆಯ ಮೇಲೆ ವಿಭೂತಿ. ಎರಡೂ ಒಬ್ಬನ ಮೇಲೇ ಇರುವುದನ್ನು ಕಂಡು ದಾಕ್ಷಾಯಣಿಗೆ ಒಂದು ಗಳಿಗೆ ಜಗಳವೇ ಮರೆತುಹೋಯಿತು.

"ಎಲ್ಲಿ ಸಿಕ್ತು?"

"ನಮ್ಮ ಕಾಫಿ ಕಣದಲ್ಲಿ. ದಿನಾ ಬೀಳ್ತೈತೆ. ನಮ್ಮನೇಲಿ ಮೊಟ್ಟೆನೂ ಒಳಗೆ ತರಲ್ಲ ಕಣ್ರೀ. ಅಜ್ಜಿ ಬೆಳಗ್ಗಿಂದ ಕಣ ತೊಳೆಸ್ತಾ ಕೂತವ್ರೆ."

"ನಾನು ಕೆರೆಗೆ ಮೀನುಮರಿ ಬಿಡೋಕೆ ಬಂದೋನು, ಕಣಕ್ಕೆ ಎಸೆಯೋಕಲ್ಲ." ಅವನು ನಕ್ಕ. "ಎಸೆದೋನು ಅಗೋ, ಅಲ್ಲಿ ಅವ್ನೆ. ಮೇಲೆ ನೋಡಿ."

ಬಿಳಿ ತಲೆ, ಕಾವಿ ಬಣ್ಣದ ರೆಕ್ಕೆ... ಗರುಡ! ಕಾಲಲ್ಲಿ ಮೀನು ಹಿಡಿದು ಅವಳ ಮನೆಯ ಮೇಲೇ ಹಾದು, ತೋಟದಂಚಿನ ನಂದಿ ಮರದ ತುದಿಗೆ ಇಳಿಯಿತು. ಅಲ್ಲಿ ಗೂಡು. ಗೂಡಿನಲ್ಲಿ ಹೆಣ್ಣು ಕಾವು ಕೂತಿತ್ತು.

ದಾಕ್ಷಾಯಣಿಯ ಕಿವಿ ಬಿಸಿಯಾಯಿತು. "ಹಂಗಾದ್ರೆ ನಾನು ಜಗಳ ಆಡಬೇಕಾಗಿದ್ದು ಅದರ ಹತ್ರ."

"ಮರದ ಕೆಳಗೆ ಬನ್ನಿ. ಇಬ್ರೂ ಸೇರಿ ಆಡೋಣ."

ಅವನು ಧರಣೇಶ. ಅರಸೀಕೆರೆ ಕಡೆಯವನು, ಮೀನುಗಾರಿಕೆ ಇಲಾಖೆಯ ಕೆಲಸ. ಮಗ್ಗೆ ಊರಿನ ಹತ್ತಿರದ ಈ ಕೆರೆಗೆಂದು ಬಂದು, ಅಲ್ಲೇ ಊರಿನ ಅಣ್ಣಯ್ಯ ಎಂಬುವರ ಮನೆಯ ಕೋಣೆಯಲ್ಲಿ ಬಾಡಿಗೆಗಿದ್ದ. ಹುಟ್ಟಿದಾಗಿನಿಂದ ಒಂದು ಮೀನನ್ನೂ ಬಾಯಿಗಿಟ್ಟವನಲ್ಲ.

"ತಿನ್ನದೇ ಇರೋರಿಗೆ ಈ ಕೆಲಸ ಯಾಕೆ?" ಎಂದು ಅವಳು ಕೇಳಿದಳು.

"ತಿನ್ನೋರ ಕೈಗೆ ಕೊಟ್ರೆ ಕೆರೇಲಿ ಉಳೀತದಾ?"

ಎರಡು ಸಾವಿರದ ಒಂದರ ಆ ಬೇಸಿಗೆಯಲ್ಲಿ ಗೂಡಿನೊಳಗೆ ಎರಡು ಮರಿಗಳಾದವು. ಸಂಜೆಯಾದರೆ ಇಬ್ಬರೂ ನಂದಿ ಮರದ ಕೆಳಗೆ ಹಾಜರು. ಧರಣೇಶನ ಬೈನಾಕ್ಯುಲರ್ ಕೈಯಿಂದ ಕೈಗೆ ಓಡಾಡುತ್ತಿತ್ತು. ಗಂಡು ಮೀನು ತರುವುದು, ಹೆಣ್ಣು ಅದನ್ನು ಸಣ್ಣಗೆ ಹರಿದು ಮರಿಗಳ ಬಾಯಿಗಿಡುವುದು, ದೊಡ್ಡ ಮರಿ ಚಿಕ್ಕದನ್ನು ತಳ್ಳಿ ತಾನೇ ಮುಂದೆ ಬರುವುದು...

"ದೊಡ್ಡದು ಥೇಟ್ ನಿಮ್ಮ ಹಾಗೆ," ಎಂದ ಧರಣೇಶ. "ಬಾಯಿ ಜೋರು."

"ಚಿಕ್ಕದು ನಿಮ್ಮ ಹಾಗೆ. ಬಾಯಿ ಬಿಟ್ಟು ಏನೂ ಕೇಳಲ್ಲ."

ಆ ಮಾತಿಗೆ ಅವನು ಮುಖ ತಿರುಗಿಸಿ ಬೈನಾಕ್ಯುಲರ್ ಕಣ್ಣಿಗೆ ಹಿಡಿದ. ಕೇಳಬಾರದೇ ಇವನು? ನಾನೇನು ಬೇಡ ಅಂತೀನಾ? ದಾಕ್ಷಾಯಣಿಯ ಮನಸ್ಸು ಒಳಗೊಳಗೇ ರೇಗಿತು. ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು. ಅದು ಗರುಡಗಳಿಗೂ ಗೊತ್ತಿದ್ದಿರಬೇಕು, ಅವನೊಬ್ಬನಿಗೆ ಬಿಟ್ಟು.

ಅಜ್ಜಿ ದೇವೀರಮ್ಮನವರಿಗಂತೂ ಗೊತ್ತಿತ್ತು. "ಗರುಡನ ದರ್ಶನಕ್ಕೆ ಹೋಗೋಳಿಗೆ ಫ್ಲಾಸ್ಕಿನ ತುಂಬಾ ಕಾಫಿ, ಎರಡು ಲೋಟ ಯಾಕವ್ವ?" ಎಂದು ಒಮ್ಮೆ ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿದ್ದರು.

ಯುಗಾದಿ ಕಳೆಯಿತು. ತೋಟಗಳಲ್ಲಿ ಮರಗಸಿಯ ಕಾಲ ಬಂತು. ಮಳೆಗಾಲಕ್ಕೆ ಮುಂಚೆ ನೆರಳು ಮರಗಳ ಕೊಂಬೆ ಕಡಿದು ಕಾಫಿ ಗಿಡಗಳಿಗೆ ಬೆಳಕು ಬಿಡಿಸುವ ಕೆಲಸ. ಹಿಂದಿನ ಸಂಜೆ ತೋಟದಲ್ಲಿ ನಡೆದಾಡಿ, ಕಡಿಯಬೇಕಾದ ಕೊಂಬೆಗಳನ್ನು ಮರ ಹತ್ತುವವರಿಗೆ ಬೆರಳು ಮಾಡಿ ತೋರಿಸುವುದು ವಾಡಿಕೆ.

ಅಂಥದೇ ಸಂಜೆ ದಾಕ್ಷಾಯಣಿ ಫ್ಲಾಸ್ಕ್ ಹಿಡಿದು ಬಂದಳು. ಮರಗಸಿಯ ಜವರಯ್ಯನ ಪಕ್ಕ ನಿಂತು ಧರಣೇಶ ಬೆರಳು ಮಾಡುತ್ತಿದ್ದ. ಗೂಡಿನ ಕೊಂಬೆಯನ್ನು. ಆಮೇಲೆ ಅದರ ಪಕ್ಕದ್ದನ್ನು. ಮರಿಗಳಿಗಿನ್ನೂ ಹಾರಲು ಬರುತ್ತಿರಲಿಲ್ಲ.

ಜವರಯ್ಯ ಹೋಗುವವರೆಗೆ ಅವಳು ಹೇಗೋ ತಡೆದುಕೊಂಡಳು.

"ನಿಮ್ಮ ಕೆರೆ ಮೀನು ಉಳೀಬೇಕು ಅಂತ ಮರಿಗಳನ್ನ ಕೆಡವಿಸ್ತೀರಾ?"

"ದಾಕ್ಷಾಯಣಿಯವ್ರೇ, ಒಂದ್ನಿಮಿಷ ಕೇಳಿ..." ಅವನು ಹತ್ತಿರ ಬಂದ.

"ಅಲ್ಲೇ ನಿಲ್ಲಿ! ಮೈಯೆಲ್ಲಾ ಮೀನು ವಾಸನೆ. ಇನ್ಮೇಲೆ ನಮ್ಮ ಬೇಲಿ ದಾಟಬೇಡಿ."

ಧರಣೇಶ ತನ್ನ ಅಂಗೈಗಳನ್ನೊಮ್ಮೆ ನೋಡಿಕೊಂಡು, ಬೇಲಿ ದಾಟಿ ಹೋದ. ಅವಳಿಗೆ ಗೆದ್ದೆ ಅನ್ನಿಸಲಿಲ್ಲ. ಅಳು ಬಂತು.

ಬೆಳಗ್ಗೆ ಹಗ್ಗ, ಕತ್ತಿ ಹಿಡಿದ ಆಳುಗಳು ತೋಟಕ್ಕೆ ಇಳಿದಾಗ ಅವಳು ತಲೆ ಕೂಡ ಬಾಚದೆ ಓಡಿಬಂದು ನಂದಿ ಮರಕ್ಕೆ ಬೆನ್ನು ಕೊಟ್ಟು ನಿಂತಳು. "ಈ ಮರಕ್ಕೆ ಯಾರೂ ಹತ್ತಂಗಿಲ್ಲ."

ಅಪ್ಪ ರುದ್ರಯ್ಯ ಬೆರಗಾದರು. "ಯಾರು ಹತ್ತಾರೆ? ಈ ಮರಾನೂ ಅಕ್ಕಪಕ್ಕದ ಎರಡನ್ನೂ ಈ ಸಲ ಬಿಟ್ಟೈತೆ. ಆ ಮೀನಿನ ಹುಡುಗ ನಿನ್ನೆ ಮಧ್ಯಾಹ್ನ ನನ್ನ ಹತ್ರ ಬಂದು ಬಿಡದೆ ಕೇಳ್ದ. ಯಾವ್ಯಾವ ಕೊಂಬೆ ಮುಟ್ಟಬಾರದು ಅಂತ ಜವರಯ್ಯಂಗೆ ತೋರಿಸ್ಬುಟ್ಟು ಬಾ ಅಂತ ನಾನೇ ಕಳಿಸ್ದೆ."

ಮುಟ್ಟಬಾರದ ಕೊಂಬೆ...

ಮರಗಸಿಯ ಹೊತ್ತಿನಲ್ಲಿ ಕೊಂಬೆಯತ್ತ ಬೆರಳು ಮಾಡಿದರೆ ಕಡಿಯುವುದಕ್ಕೇ ಎಂದು ತೋಟದಲ್ಲಿ ಬೆಳೆದ ಹುಡುಗಿಗೆ ಹೇಳಿಕೊಡಬೇಕೇ? ಅಷ್ಟು ಚೆನ್ನಾಗಿ ಗೊತ್ತಿದ್ದದ್ದೇ ಅವಳಿಗೆ ಮುಳುವಾಗಿತ್ತು.

"ಅವ್ರೆಲ್ಲಿ ಅಪ್ಪಾಜಿ?"

"ಕೆರೇಲವ್ನೆ. ಇಲ್ಲಿನ ಕೆಲಸ ಮುಗೀತಂತೆ, ಇವತ್ತು ಹೊರಡ್ತಾನಂತೆ." ರುದ್ರಯ್ಯ ಮಗಳ ಮುಖ ನೋಡಿ ದನಿ ತಗ್ಗಿಸಿದರು. "ಒಳ್ಳೆ ಹುಡುಗ. ನಿಮ್ಮಜ್ಜಿ ಅವನ ಮನೆ ಕಡೆ ಆಗಲೇ ವಿಚಾರಿಸವ್ರೆ. ಹೋಗು, ಹೇಳೋದು ಏನೈತೋ ಹೇಳ್ಬುಡು."

ಧರಣೇಶ ಬಲೆ ಎಳೆಯುತ್ತಿದ್ದ. ದಾಕ್ಷಾಯಣಿ ಏರಿಯ ಮೇಲೆ ನಿಲ್ಲಲಿಲ್ಲ. ಚಪ್ಪಲಿ ಸಮೇತ ಮೊಣಕಾಲಿನವರೆಗೆ ನೀರಿಗಿಳಿದು ಅವನೆದುರು ಬಂದಳು.

"ತಪ್ಪಾಯ್ತು. ಕೇಳದೇ ಮಾತಾಡ್ಬುಟ್ಟೆ."

"ಹತ್ರ ಬರಬೇಡಿ," ಎಂದ ಅವನು, ಮೆಲ್ಲಗೆ. "ನೀವು ಹೇಳಿದ್ದು ಸುಳ್ಳಲ್ಲ. ಸೋಪು ಹಾಕಿ ತಿಕ್ಕಿದ್ರೂ ಈ ವಾಸನೆ ಪೂರ್ತಿ ಹೋಗಲ್ಲ. ಅದಕ್ಕೇ ಇಷ್ಟು ದಿನ ಕೇಳಲಿಲ್ಲ. ನಿಮ್ಮಂಥ ಮನೆಯವ್ರನ್ನ ಈ ವಾಸನೆಗೆ ಹೇಗೆ ಕರ್ಕೊಂಡು ಹೋಗೋದು..."

ಆಗ ನಂದಿ ಮರದಲ್ಲಿ ಗದ್ದಲ ಎದ್ದಿತು. ದೊಡ್ಡ ಮರಿ ಗೂಡಿನಂಚಿಗೆ ಬಂದು ರೆಕ್ಕೆ ಬಡಿಯಿತು, ತಡವರಿಸಿತು, ಜಾರಿತು... ಅದು ಅಡ್ಡಾದಿಡ್ಡಿ ತೇಲಿ ಪಕ್ಕದ ಮರವನ್ನು ಹೇಗೋ ತಬ್ಬಿಕೊಂಡು ಕೂತಿತು. ಹಿಂದೆಯೇ ತಾಯಿ ಹಾರಿಬಂತು.

ಅವರ ಕೈಗಳು ಯಾವಾಗ ಒಂದನ್ನೊಂದು ಹಿಡಿದವೋ ಇಬ್ಬರಿಗೂ ತಿಳಿಯಲಿಲ್ಲ. ಧರಣೇಶ ಬಿಡಿಸಿಕೊಳ್ಳಲು ನೋಡಿದ. ದಾಕ್ಷಾಯಣಿ ಬಿಡಲಿಲ್ಲ.

"ಕೆಲಸ ಮುಗಿಸಿ ಬರೋಷ್ಟೊತ್ತಿಗೆ ಹಂಡೆ ತುಂಬಾ ನೀರು ಕಾಯಿಸಿಟ್ಟಿರ್ತೀನಿ," ಎಂದಳು ಅವಳು, ಕಣ್ಣು ತುಂಬಿಕೊಂಡು. "ಸ್ನಾನ ಮಾಡ್ಕೊಂಡು ಒಳಗೆ ಬನ್ನಿ."

"ದಿನಾ ಕಾಯಿಸ್ಬೇಕಾಗ್ತದೆ."

"ದಿನಾ ಮನೆಗೆ ಬರ್ತೀರಾ?"

"ಬರ್ತೀನಿ."

"ಹಂಗಾದ್ರೆ ದಿನಾ ಕಾಯಿಸ್ತೀನಿ."