ತಿನ್ನಕರಕ್ಕೆ ಹೊರಟ ಕವಡೆ ದೋಣಿ

"ದೋಣಿ ಬೇಕಾಗಿತ್ತು," ಎಂದಳು ಹಫ್ಸಾಬಿ.

ಎರಡು ವರ್ಷಗಳ ನಂತರ ಗಂಡನ ಎದುರು ನಿಂತು ಅವಳು ಆಡಿದ ಮೊದಲ ಮಾತು ಇದು. ದಾರಿಯುದ್ದಕ್ಕೂ ಬೇರೆ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದಳು... ಅವನ ಮುಖ ಕಂಡದ್ದೇ ತಡ, ಒಂದೂ ನಾಲಿಗೆಗೆ ಬರಲಿಲ್ಲ.

ಮುತ್ತುಕೋಯ ಮರಳಿನ ಮೇಲೆ ಎಳೆದಿಟ್ಟ ತನ್ನ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದ. ಕೈ ನಿಂತಿತು. ತಲೆ ಮಾತ್ರ ಎತ್ತಲಿಲ್ಲ.

"ಯಾರಿಗೆ?"

"ನಮ್ಮ ಹೆಂಗಸರ ಸಂಘಕ್ಕೆ. ಬುಧವಾರ ತಿನ್ನಕರಕ್ಕೆ ಕವಡೆ ಆರಿಸೋಕೆ ಹೋಗ್ಬೇಕು."

"ಯಾಕೆ, ನಿಮ್ಮ ಮಾವನ ದೋಣಿ ಏನಾಯ್ತು?"

"ಎಂಜಿನ್ ಕೆಟ್ಟಿದೆ."

"ಓಹೋ... ಅದಕ್ಕೆ ನನ್ನ ನೆನಪಾಯ್ತು."

ಆ ಮಾತು ಅವಳ ಎದೆಗೆ ನೇರವಾಗಿ ನಾಟಿತು. ಬಿಟ್ಟು ಕೂತವನು ಇವನು, ಕೊಂಕು ಆಡುವವನೂ ಇವನೇ! ತಿರುಗಿ ಹೋಗಿಬಿಡಬೇಕು ಎನಿಸಿತು. ಆದರೆ ಹನ್ನೊಂದು ಹೆಂಗಸರು ಅವಳನ್ನೇ ನಂಬಿ ಕೂತಿದ್ದರು. ನಿಂತಳು.

"ಹನ್ನೆರಡು ಜನಕ್ಕಿಂತ ಹೆಚ್ಚು ಹತ್ತಿಸಲ್ಲ," ಎಂದ ಅವನು, ದೋಣಿಗೆ ಹೇಳುವಂತೆ. "ಬೆಳಗಿನ ನಮಾಜು ಆದ ತಕ್ಷಣ ಹೊರಡ್ತೀನಿ. ತಡ ಮಾಡಿದೋರನ್ನ ಕಾಯಲ್ಲ. ಕಾದು ಕಾದು ಸಾಕಾಗಿದೆ ನಂಗೆ."

ಕಾದದ್ದಾ? ಇವನು ಯಾರನ್ನು ಕಾದನಂತೆ? ಹಫ್ಸಾಬಿಗೆ ಅರ್ಥವಾಗಲಿಲ್ಲ. ಕೇಳುವಷ್ಟರಲ್ಲಿ ಅವನು ದೋಣಿಯ ಆ ಮಗ್ಗುಲಿಗೆ ಹೋಗಿಬಿಟ್ಟಿದ್ದ.

ಅವಳ ಬಳಿ ಉಳಿದಿದ್ದು ಬರೀ ಐದು ದಿನ. ಬರುವ ಶುಕ್ರವಾರ ಜುಮಾ ನಮಾಜಿನ ನಂತರ ಮುತ್ತುಕೋಯ ಖಾಜಿಯ ಮುಂದೆ ತಲಾಖ್ ಹೇಳುವುದೆಂದು ಗೊತ್ತಾಗಿತ್ತು. ಅದಕ್ಕೆ ಓಡಾಡಿದವರು ಅವಳ ಸೋದರಮಾವ, ಮನೆಯ ಯಜಮಾನ ಪೂಕೋಯ. ಅಷ್ಟರೊಳಗೆ ಅವಳಿಗೆ ಒಂದೇ ಒಂದು ಪ್ರಶ್ನೆಗೆ ಉತ್ತರ ಬೇಕಾಗಿತ್ತು. ನನ್ನನ್ನು ಯಾಕೆ ಬೇಡ ಅಂದಿರಿ?

ಲಕ್ಷದ್ವೀಪದ ನಮ್ಮ ಅಗತ್ತಿಯಲ್ಲಿ ಹೆಣ್ಣು ಮದುವೆಯಾದರೂ ತಾಯಿಮನೆ ಬಿಡುವುದಿಲ್ಲ. ಸಂಜೆ ಗಂಡನೇ ಅವಳ ಮನೆಗೆ ಬರುತ್ತಾನೆ, ಬೆಳಗಾದರೆ ತನ್ನ ತಾಯಿಮನೆಗೆ ಹೋಗುತ್ತಾನೆ. ಅವನು ಬರುವುದು ನಿಂತರೆ ಸಂಸಾರ ನಿಂತಂತೆ. ಹಡಗಿನ ಕೆಲಸಕ್ಕೆ ಹೋಗಿ ತಿಂಗಳುಗಟ್ಟಲೆ ಇದ್ದು ಬಂದವನಾದರೆ, ಹಫ್ಸಾಬಿಯ ಮನೆತನದಲ್ಲಿ ಇನ್ನೊಂದು ಪದ್ಧತಿ. ಹೆಂಡತಿಯ ಮನೆಯ ಹಿರಿಯ ಒಂದು ತಟ್ಟೆ ಹಲ್ವಾ ಹಿಡಿದು ಅವನನ್ನು ಕರೆಯಲು ಹೋಗಬೇಕು. ಆ ಮನೆಯವರು ಹಲ್ವಾ ಇಳಿಸಿಕೊಂಡು ತಟ್ಟೆಗೆ ವೀಳ್ಯದೆಲೆ ಇಟ್ಟು ಕಳಿಸಿದರೆ ಬರುತ್ತಾನೆ. ಬರಿ ತಟ್ಟೆ ಕಳಿಸಿದರೆ ಬರುವುದಿಲ್ಲ. ಕರೆಯದೆ ಹೋಗುವ ಗಂಡಸಿಗೆ ಊರಲ್ಲಿ ಮರ್ಯಾದೆ ಉಳಿಯುವುದಿಲ್ಲ.

ಎರಡು ವರ್ಷದ ಹಿಂದೆ ಮುತ್ತುಕೋಯ ಹಡಗಿಳಿದು ಬಂದಾಗ ಹಫ್ಸಾಬಿ ಒಲೆಯ ಮುಂದೆ ಅರ್ಧ ದಿನ ಕೂತು ತೆಂಗಿನ ಹಾಲು ಬತ್ತಿಸಿ ಹಲ್ವಾ ಮಾಡಿದ್ದಳು. ಪೂಕೋಯ ಮಾವ ತಟ್ಟೆ ಹಿಡಿದು ಹೋದರು... ಬರಿ ತಟ್ಟೆ ಹಿಡಿದು ಬಂದರು.

ಅಂದಿನಿಂದ ಅವಳು ಹಲ್ವಾ ಮಾಡಿಲ್ಲ.

*

ಬೀಫಾತಿಮ್ಮಳ ಅಂಗಳದಲ್ಲಿ ಪ್ರಯಾಣದ ತಯಾರಿ ಜೋರಾಗಿತ್ತು. ಸಂಘಕ್ಕೆ ಅವಳೇ ಹಿರಿಯಳು, ಬಾಯಿಯೂ ಅವಳದೇ ದೊಡ್ಡದು. ಮಳೆಗಾಲ ಶುರುವಾಗುವ ಮೊದಲು ಇದೇ ಕೊನೆಯ ದೊಡ್ಡ ಇಳಿತ. ಹುಣ್ಣಿಮೆ ಕಳೆದು ಎರಡನೆಯ ದಿನ, ಬೆಳಗಿನ ಹೊತ್ತು ತಿನ್ನಕರ ದ್ವೀಪದ ಹವಳದ ದಿಬ್ಬ ಪೂರ್ತಿ ಬಯಲಾಗುತ್ತದೆ. ಅದು ತಪ್ಪಿದರೆ ಸಮುದ್ರ ಕೆರಳುತ್ತದೆ, ಮತ್ತೆ ನಾಲ್ಕು ತಿಂಗಳು ಆ ಕಡೆ ಯಾರೂ ಹೋಗುವಂತಿಲ್ಲ. ಕವಡೆ ಇಲ್ಲದೆ ಸಂಘದ ಹೆಂಗಸರು ಮಾಲೆ ಕಟ್ಟುವುದು ಹೇಗೆ?

ಯಾರು ಕಬ್ಬಿಣದ ಸಲಾಕೆ ತರಬೇಕು, ಯಾರು ಗೋಣಿಚೀಲ, ಯಾರ ಮನೆಯಿಂದ ಅನ್ನ, ಯಾರ ಮನೆಯಿಂದ ಒಣಮೀನಿನ ಚಟ್ನಿ, ಎಲ್ಲ ಬರೆದುಕೊಂಡವಳು ಹಫ್ಸಾಬಿಯೇ. ಕಾಲಿಗೆ ಹಳೆಯ ಬೂಟಿಲ್ಲದವರು ಬರಬೇಡಿ, ಹವಳದ ಕಲ್ಲು ಪಾದ ಸೀಳುತ್ತದೆ ಎಂದು ಎಲ್ಲರಿಗೂ ಹೇಳಿದ್ದೂ ಅವಳೇ. ದೋಣಿಯ ಮಾತು ಬಂದಾಗ ಎಲ್ಲರೂ ಅವಳ ಮುಖ ನೋಡಿದ್ದರು.

"ನೀನೇ ಹೋಗಿ ಕೇಳು," ಎಂದಿದ್ದಳು ಬೀಫಾತಿಮ್ಮ. "ನಾವು ಕೇಳಿದ್ರೆ ಇಲ್ಲ ಅಂತಾನೆ. ನೀನು ಕೇಳಿದ್ರೂ ಇಲ್ಲ ಅನ್ನಬಹುದು. ಆದ್ರೆ ಮುಖ ತಗ್ಗಿಸಿ ಅಂತಾನೆ."

ಹೆಂಗಸರು ನಕ್ಕಿದ್ದರು. ಹಫ್ಸಾಬಿಯೂ ನಕ್ಕಂತೆ ಮಾಡಿದ್ದಳು.

ಸುದ್ದಿ ಮನೆಗೆ ಅವಳಿಗಿಂತ ಮೊದಲೇ ಮುಟ್ಟಿತ್ತು. ಶುಕ್ರವಾರ ಬಿಡುಗಡೆ ಆಗುವವಳು ಬುಧವಾರ ಅವನ ದೋಣಿ ಹತ್ತುವುದಾ ಎಂದು ಪೂಕೋಯ ಮಾವ ಹಾರಾಡಿದರು. ತಾಯಿ ಎಂದಿನಂತೆ ಅಡುಗೆಮನೆ ಸೇರಿಕೊಂಡಳು, ಅಣ್ಣನಿಗೆ ಎದುರಾಡಿ ಅಭ್ಯಾಸವಿಲ್ಲದವಳು.

ಹೋಗುತ್ತೇನೆ ಎಂದಷ್ಟೇ ಹೇಳಿದಳು ಹಫ್ಸಾಬಿ. ಮಾವನ ಮುಖದ ಮೇಲೆ ಸಿಟ್ಟಿನ ಜೊತೆ ಹೆದರಿಕೆಯಂಥದ್ದು ಏನೋ ಹಾದುಹೋಯಿತು. ಆಗ ಅವಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

*

ಬುಧವಾರ ದೋಣಿಯಲ್ಲಿ ಅವನು ಹಿಂದೆ, ಎಂಜಿನ್ ಬಳಿ. ಅವಳು ಮುಂದೆ. ನಡುವೆ ಹನ್ನೊಂದು ಹೆಂಗಸರು, ಅವರ ಚೀಲಗಳು, ಅವರ ಹರಟೆ. ಒಮ್ಮೆಯೂ ಅವಳು ಹಿಂದೆ ತಿರುಗಲಿಲ್ಲ. ಬೆನ್ನಿಗೆ ಮಾತ್ರ ಅವನಿರುವುದು ಗೊತ್ತಾಗುತ್ತಲೇ ಇತ್ತು.

ತಿನ್ನಕರದ ದಿಬ್ಬ ತಲುಪಿದಾಗ ನೀರು ಮೊಣಕಾಲಿಗಿಂತ ಕೆಳಗಿತ್ತು. ಹೆಂಗಸರು ಚದುರಿದರು. ಕಲ್ಲು ಎತ್ತಬೇಕು, ಅಡಿಯಲ್ಲಿ ಅಂಟಿಕೊಂಡ ಕವಡೆ ಕೀಳಬೇಕು, ಕಲ್ಲನ್ನು ಮೊದಲಿದ್ದ ಹಾಗೇ ಮಲಗಿಸಬೇಕು. ಮಗುಚಿ ಬಿಟ್ಟರೆ ಅದರಡಿಯ ಜೀವವೆಲ್ಲ ಬಿಸಿಲಿಗೆ ಸಾಯುತ್ತದೆ, ಮುಂದಿನ ವರ್ಷ ಅಲ್ಲಿ ಏನೂ ಇರುವುದಿಲ್ಲ. ಮರೆತವರ ಅಮ್ಮ ಅಜ್ಜಿಯನ್ನೆಲ್ಲ ಬೀಫಾತಿಮ್ಮ ಜಾಲಾಡುತ್ತಿದ್ದಳು.

ಹಫ್ಸಾಬಿ ಎಲ್ಲರಿಂದ ದೂರ ಹೋದಳು. ಒಂದು ದೊಡ್ಡ ಕಲ್ಲಿಗೆ ಸಲಾಕೆ ಕೊಟ್ಟು ಮೀಟಿದಳು. ಜಗ್ಗಲಿಲ್ಲ. ಇನ್ನೊಮ್ಮೆ ಮೀಟುವಾಗ ಪಕ್ಕದಿಂದ ಒಂದು ಕೈ ಬಂದು ಸಲಾಕೆ ಹಿಡಿಯಿತು. ಕಲ್ಲು ಎದ್ದಿತು.

"ಕೀಳು. ಹಿಡ್ಕೊಂಡಿದ್ದೀನಿ," ಎಂದ ಮುತ್ತುಕೋಯ.

ಅವಳು ಕವಡೆ ಕೀಳಲಿಲ್ಲ. ಇಷ್ಟು ಹತ್ತಿರ ಇನ್ನು ಯಾವಾಗ ಸಿಗುತ್ತಾನೆ?

"ಒಂದು ಮಾತು ಕೇಳ್ತೀನಿ. ಶುಕ್ರವಾರ ಕಳೆದ್ರೆ ಕೇಳೋ ಹಕ್ಕಿರಲ್ಲ ನಂಗೆ. ನಾನು ಬೇಡ ಅಂದ್ಮೇಲೆ ನಾನು ಮಾಡಿದ ಹಲ್ವಾ ಯಾಕೆ ಬೇಕಾಯ್ತು ನಿಮ್ಗೆ? ಅದನ್ನೂ ವಾಪಸ್ ಕಳಿಸಬಹುದಿತ್ತಲ್ಲ. ಬರಿ ತಟ್ಟೆ ನೋಡಿ ನಾನು ಎಷ್ಟು..."

ಮುಖ ತಿರುಗಿಸಿ ಸಮುದ್ರದ ಕಡೆ ನೋಡಿದಳು.

"ಯಾವ ಹಲ್ವಾ?"

"ನಾಟಕ ಆಡ್ಬೇಡಿ."

"ಹಫ್ಸಾ... ಯಾವ ಹಲ್ವಾ?"

ಅವನ ಮುಖ ನೋಡಿದಳು. ಅವನು ಸುಳ್ಳು ಹೇಳುವಾಗ ಹೇಗಿರುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಈಗ ಹಾಗಿರಲಿಲ್ಲ.

"ಪೂಕೋಯ ಮಾವ ತಂದಿದ್ರಲ್ಲ... ನೀವು ಹಡಗಿಳಿದ ಮೂರನೇ ದಿನ."

"ನಮ್ಮನೆ ಬಾಗಿಲಿಗೆ ಯಾರೂ ಬಂದಿಲ್ಲ," ಎಂದ ಅವನು ನಿಧಾನವಾಗಿ. "ನನ್ನ ಹೆತ್ತ ಉಮ್ಮ ವೀಳ್ಯದೆಲೆ ತೊಳೆದಿಟ್ಕೊಂಡು ಕಾದ್ರು. ಬಾಡಿದ್ರೆ ಹೊಸದು ತರಿಸ್ತಿದ್ರು. ಕಾಯಿಲೆ ಬೀಳೋ ತನಕ ತರಿಸಿದ್ರು."

ಸ್ವಲ್ಪ ದೂರದಲ್ಲಿ ಬೀಫಾತಿಮ್ಮ ನೆಟ್ಟಗೆ ನಿಂತಿದ್ದಳು. ಕದ್ದು ಕೇಳುವುದು ಅವಳ ಹಳೆಯ ಚಾಳಿ, ಅದಕ್ಕೆ ನಾಚಿಕೊಂಡವಳೂ ಅಲ್ಲ. ಆದರೆ ಈಗ ಅವಳ ಮುಖ ಸಣ್ಣಗಾಗಿತ್ತು.

"ಆ ದಿನ ಪೂಕೋಯ ಹಡಗಿನ ಜೆಟ್ಟಿಲಿ ಕೂತು ಹಲ್ವಾ ಹಂಚ್ತಿದ್ದ," ಎಂದಳು. "ನಾನೂ ಒಂದು ತುಂಡು ತಿಂದೆ ಮಗಳೇ. ಏನೋ ಹರಕೆ ಇರಬೇಕು ಅಂದ್ಕೊಂಡೆ."

ಯಾಕೆಂದು ಯಾರೂ ಕೇಳಬೇಕಾಗಿರಲಿಲ್ಲ. ಹಡಗು ಬಿಟ್ಟು ತಮ್ಮ ದೋಣಿಗೆ ಆಳಾಗಿ ಬಾ ಎಂದು ಪೂಕೋಯ ಕರೆದಿದ್ದರು, ಮುತ್ತುಕೋಯ ಒಪ್ಪದೆ ಹಡಗು ಹತ್ತಿದ್ದ. ಅಷ್ಟೇ ಸಿಟ್ಟಿಗೆ ಎರಡು ಬದುಕು ಹಾಳು! ತಲಾಖಿಗಾಗಿ ಓಡಾಡಲು ಮಾತ್ರ ಆ ಮನುಷ್ಯನ ಕಾಲಿಗೆ ಶಕ್ತಿ ಬಂದಿತ್ತು.

ಹಫ್ಸಾಬಿಗೆ ಮಾವನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಎದುರಿಗಿದ್ದವನ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೇ ಬಂತು. ಎರಡು ಮನೆಗಳ ನಡುವೆ ಇದ್ದದ್ದು ಎರಡು ಓಣಿ. ಎರಡೇ ಓಣಿ!

"ಒಂದು ಸಲ ಬಂದು ಕೇಳಬಹುದಿತ್ತು ನೀವು," ಎಂದಳು.

"ಕರೀದೆ ಹೇಗೆ ಬರ್ಲಿ? ನೀನು ಬರಬಹುದಿತ್ತು. ಉಮ್ಮ ತೀರಿಕೊಂಡ ದಿನ ಊರಿಗೆ ಊರೇ ಬಂತು. ಕೊನೇಲಿ ನಿನ್ನ ಹೆಸರು ಹಿಡಿದು ಕರೆದ್ರು ಅವ್ರು. ಅವತ್ತು ನೀನು ಬರದೆ ಇದ್ದಿದ್ದಕ್ಕೇ ನಾನು ತಲಾಖಿಗೆ ಹ್ಞೂಂ ಅಂದೆ."

"ಬಂದಿದ್ದೆ. ನಿಮ್ಮ ಹಿತ್ತಲಿನ ಜೀಗುಜ್ಜೆ ಮರದ ಹಿಂದೆ ನಿಂತಿದ್ದೆ. ಒಳಗೆ ಬಂದ್ರೆ ನೀವು ಆಚೆ ಕಳಿಸ್ತೀರಿ ಅಂತ ಮಾವ ಹೇಳಿದ್ರು."



"ನಾನು ಮುಂಬಾಗಿಲನ್ನೇ ನೋಡ್ತಿದ್ದೆ," ಎಂದ ಅವನು. ಅವನ ಕಣ್ಣು ತುಂಬಿತ್ತು. ಸಲಾಕೆ ಸಡಿಲಿಸಿ, ಕಲ್ಲನ್ನು ಮೆಲ್ಲಗೆ ಅದರ ಜಾಗದಲ್ಲಿ ಮಲಗಿಸಿದ.

ಅವಳಿಗೆ ಅವನ ಕೈ ಹಿಡಿಯಬೇಕು ಎನಿಸಿತು. ಹಿಡಿಯಲಾಗಲಿಲ್ಲ. ಸತ್ಯ ತಿಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು... ಆದದ್ದು ಬೇರೆ. ತನ್ನನ್ನು ಕರೆಯುತ್ತಾ ಹೋದ ಆ ಮುದುಕಿಗೆ ಇನ್ನು ಯಾರು ಹೋಗಿ ಹೇಳುತ್ತಾರೆ?

ನೀರು ಏರತೊಡಗಿತು. ಹೆಂಗಸರು ಚೀಲ ಹೊತ್ತು ದೋಣಿಗೆ ಬಂದರು.

*

ಅಗತ್ತಿಯ ದಡದಲ್ಲಿ ಪೂಕೋಯ ಮಾವ ಕಾಯುತ್ತಾ ನಿಂತಿದ್ದರು. ದೋಣಿಯಿಂದ ಇಳಿದ ಒಬ್ಬೊಬ್ಬ ಹೆಂಗಸೂ ತಮ್ಮನ್ನು ನೋಡಿದ ರೀತಿಯಲ್ಲೇ ಅವರಿಗೆ ವಿಷಯ ತಿಳಿದುಹೋಯಿತು. ಮನೆಗೆ ನಡೆ ಎಂದು ಹಫ್ಸಾಬಿಗೆ ಹೇಳಿದರು. ದನಿಯಲ್ಲಿ ಜೋರಿರಲಿಲ್ಲ.

ಅವಳು ಕದಲಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತೇ ದೋಣಿಯ ಕಡೆ ತಿರುಗಿದಳು. ದಡದಲ್ಲಿ ಬಲೆ ಮಡಚುತ್ತಿದ್ದ ಗಂಡಸರೂ ಕೈ ನಿಲ್ಲಿಸಿದರು.

"ಇವತ್ತು ಸಂಜೆ ನಮ್ಮನೆಗೆ ಬನ್ನಿ," ಎಂದಳು, ಎಲ್ಲರಿಗೂ ಕೇಳುವಂತೆ. "ಕರೀತಿರೋದು ನಾನು."

ಹೆಣ್ಣು ತನ್ನ ಬಾಯಿಂದ ಗಂಡನನ್ನು ಕರೆದದ್ದನ್ನು ಆ ಮನೆತನದಲ್ಲಿ ಯಾರೂ ಕೇಳಿರಲಿಲ್ಲ. ಕರೆಯುವುದು ಹಿರಿಯರ ಕೆಲಸ ಎಂದು ಪೂಕೋಯ ಗೊಣಗಿದರು.

"ಹಿರಿಯರು ಕರೆದಿದ್ದನ್ನ ನೋಡಿದ್ದಾಯ್ತಲ್ಲ ಮಾವ," ಎಂದಳು ಹಫ್ಸಾಬಿ. ಅವರು ತಲೆ ತಗ್ಗಿಸಿ ತೆಂಗಿನ ತೋಟದ ಕಡೆ ನಡೆದುಬಿಟ್ಟರು.

ಮುತ್ತುಕೋಯ ದೋಣಿಯಿಂದ ಇಳಿದು ಅವಳ ಬಳಿ ಬಂದ.

"ನನ್ನ ಕೋಪ ಇನ್ನೂ ಹೋಗಿಲ್ಲ, ಹಫ್ಸಾ."

"ನಂದೂ ಹೋಗಿಲ್ಲ."

"ಜಗಳ ಆಗುತ್ತೆ."

"ಆಗ್ಲಿ. ಎರಡು ವರ್ಷದಿಂದ ನನ್ ಜೊತೆ ಜಗಳ ಆಡೋಕೂ ಯಾರೂ ಇರ್ಲಿಲ್ಲ."

ಅವನು ನಗಲು ನೋಡಿದ. ಆಗಲಿಲ್ಲ. ಕೈ ಚಾಚಿ ಅವಳ ಹೆಗಲಿನ ಒದ್ದೆ ಚೀಲ ಇಸಿದುಕೊಂಡ.

"ಬರ್ತೀನಿ. ಸ್ವಲ್ಪ ಹೊತ್ತಾಗುತ್ತೆ. ಮೊದಲು ಉಮ್ಮನ ಗೋರಿ ಹತ್ರ ಹೋಗಿ ಹೇಳ್ಬೇಕು... ನೀನು ಕರೆದೆ ಅಂತ."

"ನಿಲ್ಲಿ," ಎಂದಳು ಹಫ್ಸಾಬಿ, ಕಣ್ಣೊರೆಸಿಕೊಂಡು. "ಕರೆದೋಳು ನಾನು. ನಾನೇ ಬಂದು ಹೇಳ್ತೀನಿ."