ದೊಡ್ಡ ವಿಮಾನದ ಹಿಂದಿನ ಸೀಟು

"ನೀನಾ?!"

ಪೈಲಟ್ ಸೀಟಿನಲ್ಲಿ ಸೊಂಟದ ಪಟ್ಟಿ ಬಿಗಿಯುತ್ತಿದ್ದ ಅವಳ ಕೈ ಹಾಗೇ ನಿಂತಿತು. ಹಿಂದಿನ ಸೀಟಿನಲ್ಲಿ, ಗ್ರೀಸ್ ಮೆತ್ತಿದ ವರ್ಕ್‌ಶಾಪಿನ ಅಂಗಿಯಲ್ಲಿ... ಅವನು!

ತಿಂಗಳುಗಟ್ಟಲೆ ಫೋನ್ ಎತ್ತದವನು. ಎದುರು ಸಿಕ್ಕರೆ ದಾರಿ ಬದಲಿಸುವವನು.

"ಹೊಸ ರೇಡಿಯೋ ಹಾಕಿದ್ದಾರೆ. ಸರಿ ಇದೆಯಾ ಅಂತ ನೋಡೋಕೆ ಬಂದಿದ್ದಾನೆ," ಪಾಠ ಹೇಳಿಕೊಡುವ ಮೇಡಂ ಪಕ್ಕದ ಸೀಟಿನಲ್ಲಿ ಕನ್ನಡಕ ಏರಿಸಿಕೊಂಡರು. "ನೀನು ಮುಂದೆ ನೋಡಮ್ಮ."

ಇಬ್ಬರೂ ಒಟ್ಟಿಗೇ ಈ ವಿಮಾನ ಹಾರಾಟದ ಶಾಲೆ ಸೇರಿದವರು. ಚಿಕ್ಕ ವಿಮಾನವನ್ನು ಮೊದಲು ಒಬ್ಬನೇ ಹಾರಿಸಿದ್ದು ಅವನು. ಬಾಯಿ ನಿಲ್ಲದ ಅವನಿಗೆ ಎಲ್ಲರೂ ಇಟ್ಟ ಹೆಸರು 'ವಟವಟ'. ಆಮೇಲೆ ವೈದ್ಯಕೀಯ ಪರೀಕ್ಷೆಯಲ್ಲಿ ಹೃದಯದ ಬಡಿತ ಸರಿಯಿಲ್ಲವೆಂದು ಗೊತ್ತಾಯಿತು. ಇನ್ನು ಹಾರುವಂತಿಲ್ಲ ಎಂದುಬಿಟ್ಟರು. ಅವನು ಇಲ್ಲೇ ವಿಮಾನ ರಿಪೇರಿಯ ವರ್ಕ್‌ಶಾಪ್ ಸೇರಿದ. ಅವಳ ಪಾಲಿಗೆ ವಟವಟ ಮೂಕನಾದ.

'ನಾನಿನ್ನೂ ಹಾರ್ತಿದ್ದೀನಿ ಅನ್ನೋದೇ ತಪ್ಪಾ?'

ಎರಡು ಎಂಜಿನ್‌ಗಳ ದೊಡ್ಡ ವಿಮಾನದಲ್ಲಿ ಇವತ್ತು ಅವಳ ಮೊದಲ ಪಾಠ. "ಒಂದು ಕೆಟ್ರೂ ಇನ್ನೊಂದಿರುತ್ತಲ್ಲ, ಸುಲಭ ಬಿಡೇ," ಎಂದು ಅಕ್ಕ ಬೆಳಿಗ್ಗೆ ಫೋನಿನಲ್ಲಿ ನಕ್ಕಿದ್ದಳು.

ಸುಲಭವಂತೆ! ಕಣ್ಣೆದುರು ಸಾಲುಸಾಲು ಹಿಡಿಗಳು. ಯಾವುದು ಯಾವುದೆಂದು ತಡಕಾಡುವಷ್ಟರಲ್ಲಿ ವಿಮಾನ ನೆಲ ಬಿಟ್ಟಾಗಿತ್ತು.

"ಚಕ್ರ ಒಳಗೆ ತಗೋ!"

ತಗೊಳ್ಳುವಷ್ಟರಲ್ಲಿ, "ವೇಗ ನೋಡು!" ವೇಗ ನೋಡಿದರೆ, "ಎತ್ತರ!"

ಅಂಗೈ ಬೆವೆತು ಜಾರುತ್ತಿತ್ತು. ಇವನ ಮುಂದೆಯೇ ಹೀಗಾಗಬೇಕಾ ದೇವರೇ...

ಮೇಲೇರಿದ ಮೇಲೆ ಮೇಡಂ ಎಡಗಡೆಯ ಎಂಜಿನ್ನಿನ ಶಕ್ತಿ ತಗ್ಗಿಸಿದರು. "ಇದು ಕೆಟ್ಟಿದೆ ಅಂದ್ಕೋ. ಏನ್ಮಾಡ್ತೀಯ?"

ವಿಮಾನದ ಮೂಗು ಎಡಕ್ಕೆ ಎಳೆಯಿತು. ಬಲಗಾಲಿನ ಪೆಡಲ್ ಒತ್ತಬೇಕು. ಬಾಯಿಪಾಠ ಮಾಡಿದ್ದಳು! ಗಾಬರಿಯಲ್ಲಿ ಒತ್ತಿದ್ದು ಎಡಗಾಲು. ವಿಮಾನ ವಾಲಿತು. ಕಿಟಕಿಯ ತುಂಬ ನೆಲವೇ ನೆಲ...

"ಬಲಗಾಲು! ಬಲಗಾಲು ಕಣೇ!" ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಅವನ ಕೂಗು ಸಿಡಿಯಿತು.

"ನನಗೆ ಬಿಡು!" ಮೇಡಂ ನಿಯಂತ್ರಣ ತಮ್ಮ ಕೈಗೆ ತೆಗೆದುಕೊಂಡರು. ವಿಮಾನ ನೇರವಾಯಿತು. "ಹಿಂದಿನವರೇ, ರೇಡಿಯೋ ಚೆನ್ನಾಗೇ ಕೇಳಿಸ್ತಿದೆ. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

ಅವಳು ಕೈ ಮಡಿಲಲ್ಲಿಟ್ಟು ಕೂತಳು. ಕಣ್ಣೀರು ತಾನಾಗಿ ಇಳಿಯಿತು. ನೆಲ ಮುಟ್ಟುವವರೆಗೂ ಅವಳು ಮಾಡುವಂಥದ್ದು ಏನೂ ಉಳಿದಿರಲಿಲ್ಲ.

"ಮೊದಲ ದಿನ ಎಲ್ಲರೂ ಎಡವ್ತಾರೆ. ನಾಳೆ ಮತ್ತೆ ಬಾ," ವಿಮಾನ ಇಳಿಸಿದ ಮೇಲೆ ಇಷ್ಟೇ ಹೇಳಿ ಮೇಡಂ ಹೊರಟುಹೋದರು.

ರೆಕ್ಕೆಯ ನೆರಳಿನಲ್ಲಿ ಅವಳು ಕುಸಿದು ಕೂತಳು. ಅವನು ಬಂದು ಸ್ವಲ್ಪ ದೂರದಲ್ಲಿ ನಿಂತ.

"ನಗು... ನನ್ನ ಗತಿ ನೋಡಿ ಖುಷಿಯಾಯ್ತಲ್ಲ?"

"ಹೊಟ್ಟೆಕಿಚ್ಚಿತ್ತು ಕಣೇ," ಎಂದ ಅವನು, ತಲೆ ತಗ್ಗಿಸಿ. "ನೀನು ಹಾರೋದು ನೋಡೋಕಾಗ್ತಿರಲಿಲ್ಲ. ಆ ಮುಖ ನಿನಗೆ ಹೇಗೆ ತೋರಿಸ್ಲಿ? ಅದಕ್ಕೇ ತಪ್ಪಿಸ್ಕೊಂಡು ಓಡಾಡ್ದೆ."

"ಈಗ?"

"ಮೇಲೆ ವಿಮಾನ ವಾಲಿದಾಗ... ನೀನು ಗಾಬರಿಯಾಗಿದ್ದೆ. ಕೈಗೆಟಕೋ ದೂರ. ಆದ್ರೂ ನನ್ನಿಂದ ಏನೂ ಆಗ್ಲಿಲ್ಲ. ಆಗ ಹೊಟ್ಟೆಕಿಚ್ಚು ಎಲ್ಲಿ ಹೋಯ್ತೋ! ನೀನು ಉಳಿದ್ರೆ ಸಾಕು ಅನ್ನಿಸ್ತು." ಅವನು ತಲೆಯೆತ್ತಿ ಅವಳನ್ನು ನೋಡಿದ. "ನೀನಂದ್ರೆ ನನಗೆ ಪ್ರಾಣ. ಮೊದಲಿಂದಾನೂ..."

"ಇಷ್ಟು ಹೇಳೋಕೆ ಇಷ್ಟು ತಿಂಗಳು ಬೇಕಾಯ್ತಾ? ಪ್ರತಿದಿನ ಫೋನ್ ಹಿಡ್ಕೊಂಡು ಕೂತಿದ್ದೆ ಕಣೋ, ಹುಚ್ಚಿ ಥರ!"

ಅವನು ಪಕ್ಕದಲ್ಲಿ ಕೂತ. ಗ್ರೀಸಿನ ಕೈ ಚಾಚಲು ಹಿಂಜರಿದ. ಅವಳೇ ಎಳೆದು ಹಿಡಿದುಕೊಂಡಳು.

"ನಾಳೆ ನೆನೆಸ್ಕೊಂಡ್ರೆ ಭಯ ಆಗ್ತಿದೆ. ಹಿಂದೆ ಕೂರ್ತೀಯಾ?"

"ಮೇಡಂ ಬಿಡಲ್ಲ ಕಣೇ. ಕೆಳಗೆ ನಿಂತಿರ್ತೀನಿ."

"ಕೆಳಗೆ ನಿಂತು ಏನ್ಮಾಡ್ತೀಯ?"

"ಏನೂ ಮಾಡೋಕಾಗಲ್ಲ... ನೀನು ಇಳಿಯೋವರೆಗೂ ನಿಂತಿರ್ತೀನಿ, ಅಷ್ಟೇ."

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"ನಿಂತಿರು."